ಸತ್ತ ಡಿಸ್ಕ್, ಬದುಕಿರುವ ಡೇಟಾ

ಮನೆಯ ಸರ್ವರ್ ಕೈಕೊಟ್ಟಾಗ ಫೋಟೊ, ಕಡತಗಳು ಬಹುಪಾಲು ಅಲ್ಲೇ ಇರುತ್ತವೆ. ಅವುಗಳ ಹಣೆಬರಹ ನಿರ್ಧಾರವಾಗುವುದು ಆಮೇಲಿನ ಅರ್ಧ ಗಂಟೆಯಲ್ಲಿ.

2003ರ ಫೆಬ್ರುವರಿ 1. ಭೂಮಿಗೆ ಮರಳುತ್ತಿದ್ದ ಕೊಲಂಬಿಯಾ ಬಾಹ್ಯಾಕಾಶ ನೌಕೆ ಅಮೆರಿಕದ ಟೆಕ್ಸಾಸ್ ಮೇಲೆ, ಸುಮಾರು 60 ಕಿಲೋಮೀಟರ್ ಎತ್ತರದಲ್ಲಿ ಚೂರುಚೂರಾಯಿತು. ಕಲ್ಪನಾ ಚಾವ್ಲಾ ಸೇರಿದಂತೆ ಏಳು ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ತಿಂಗಳುಗಟ್ಟಲೆ ಸಾಗಿದ ಶೋಧದಲ್ಲಿ, ಬತ್ತಿದ ಕೆರೆಯಂಗಳವೊಂದರಲ್ಲಿ ಸಿಕ್ಕ ಅವಶೇಷಗಳ ನಡುವೆ ಕರಕಲಾದ ಲೋಹದ ಮುದ್ದೆಯೊಂದಿತ್ತು. ಅದು 400 ಎಂಬಿ ಸಾಮರ್ಥ್ಯದ ಸೀಗೇಟ್ ಹಾರ್ಡ್ ಡಿಸ್ಕ್. ಕ್ಸೆನಾನ್ ಅನಿಲದ ಸ್ನಿಗ್ಧತೆಯ ಬಗ್ಗೆ ಕಕ್ಷೆಯಲ್ಲಿ ನಡೆಸಿದ್ದ ಪ್ರಯೋಗದ ಅಂಕಿಅಂಶಗಳು ಅದರಲ್ಲಿದ್ದವು. ಪ್ಲಾಸ್ಟಿಕ್ ಕರಗಿತ್ತು, ಸರ್ಕ್ಯೂಟ್ ಸುಟ್ಟಿತ್ತು, ಸೀಲು ಬಿಟ್ಟುಕೊಂಡ ಕಡೆಯಿಂದ ಒಳಗೆ ಧೂಳು ನುಗ್ಗಿತ್ತು. ಡೇಟಾ ಮರಳಿ ಪಡೆಯುವುದನ್ನೇ ಕಸುಬು ಮಾಡಿಕೊಂಡ ಕ್ರೋಲ್ ಆನ್‌ಟ್ರ್ಯಾಕ್ ಸಂಸ್ಥೆಯ ಎಂಜಿನಿಯರ್ ಜಾನ್ ಎಡ್ವರ್ಡ್ಸ್ ಅದರ ತಟ್ಟೆಗಳನ್ನು ಬಿಡಿಸಿ, ರಾಸಾಯನಿಕದಲ್ಲಿ ತೊಳೆದು, ಬೇರೊಂದು ಡ್ರೈವ್‌ಗೆ ಜೋಡಿಸಿದರು. ಶೇ 99ರಷ್ಟು ಡೇಟಾ ಓದಲು ಸಿಕ್ಕಿತು. ಅದನ್ನು ಆಧರಿಸಿದ ಸಂಶೋಧನಾ ಪ್ರಬಂಧ 2008ರಲ್ಲಿ ‘ಫಿಸಿಕಲ್ ರಿವ್ಯೂ ಇ’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಇದರಲ್ಲಿ ಅದೃಷ್ಟದ ಪಾಲೂ ಇತ್ತು. ಬೀಳುವ ಹೊತ್ತಿಗೆ ತಟ್ಟೆಗಳು ತಿರುಗುತ್ತಿರಲಿಲ್ಲವಾದ್ದರಿಂದ ಮೇಲ್ಮೈ ಗೀಚಿ ಹೋಗಿರಲಿಲ್ಲ. ಡಿಸ್ಕ್ ಅರ್ಧದಷ್ಟೇ ತುಂಬಿತ್ತು. ಹಳೆಯ ಡಾಸ್ ವ್ಯವಸ್ಥೆ ಮಾಹಿತಿಯನ್ನು ಅಲ್ಲಿಷ್ಟು ಇಲ್ಲಿಷ್ಟು ಚೆಲ್ಲದೆ ಒಂದೇ ಕಡೆ ಸಾಲಾಗಿ ಬರೆದಿತ್ತು. ಕೆಟ್ಟುಹೋದ ಭಾಗದಲ್ಲಿ ಬರೆದದ್ದೇ ಇರಲಿಲ್ಲ.

ಅಷ್ಟು ಎತ್ತರದಿಂದ ಬಿದ್ದ ಡಿಸ್ಕ್ ಬಾಯಿಬಿಟ್ಟಿತು. ಆದರೆ ಟಿ.ವಿ. ಸ್ಟ್ಯಾಂಡಿನ ಕೆಳಗೆ ತಣ್ಣಗೆ ಕೂತಿದ್ದ ಡಿಸ್ಕ್ ಒಂದು ರಾತ್ರಿ ನಿಂತುಹೋದರೆ ಅದರಲ್ಲಿದ್ದ ಮದುವೆಯ ವಿಡಿಯೊ, ಮಗುವಿನ ಮೊದಲ ಹೆಜ್ಜೆ, ಅಜ್ಜನ ಕಾಲದ ಜಮೀನು ಪತ್ರಗಳ ಸ್ಕ್ಯಾನ್ ಎಷ್ಟೋ ಮನೆಗಳಲ್ಲಿ ಶಾಶ್ವತವಾಗಿ ಹೋಗುತ್ತವೆ. ವ್ಯತ್ಯಾಸ ಎಲ್ಲಿದೆ? ಟೆಕ್ಸಾಸ್‌ನ ಡಿಸ್ಕ್‌ಗೆ ಯಾರೂ ಮತ್ತೆ ಮತ್ತೆ ಕರೆಂಟು ಕೊಟ್ಟು ನೋಡಲಿಲ್ಲ. ಯಾರೂ ‘ರಿಪೇರ್’ ಗುಂಡಿ ಒತ್ತಲಿಲ್ಲ.

ಮನೆಯಲ್ಲೇ ಸರ್ವರ್ ಇಟ್ಟುಕೊಳ್ಳುವುದು ಈಗ ಎಂಜಿನಿಯರುಗಳ ಖಯಾಲಿಯಾಗಿಯಷ್ಟೇ ಉಳಿದಿಲ್ಲ. ಗೂಗಲ್ ಫೋಟೋಸ್ 2021ರ ಜೂನ್ 1ರಿಂದ ಮಿತಿಯಿಲ್ಲದ ಉಚಿತ ಸಂಗ್ರಹವನ್ನು ನಿಲ್ಲಿಸಿದ ಮೇಲೆ, ತಿಂಗಳ ಬಾಡಿಗೆ ಕಟ್ಟುವ ಬದಲು ಒಂದು ಪೆಟ್ಟಿಗೆ ಕೊಂಡು ಎರಡೋ ನಾಲ್ಕೋ ಡಿಸ್ಕ್ ಸಿಕ್ಕಿಸಿದರಾಯಿತು ಎನ್ನುವವರು ಹೆಚ್ಚಾದರು. ಕೆಲವರದು ಸೈನಾಲಜಿ, ಕ್ಯೂನ್ಯಾಪ್‌ನಂಥ ಸಿದ್ಧ ನ್ಯಾಸ್ (ಮನೆಯ ಜಾಲಕ್ಕೆ ಜೋಡಿಸುವ ಸಂಗ್ರಹ) ಪೆಟ್ಟಿಗೆ. ಕೆಲವರದು ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿ, ಮೇಲೆ ನೆಕ್ಸ್ಟ್‌ಕ್ಲೌಡ್, ಇಮಿಚ್, ಜೆಲ್ಲಿಫಿನ್‌ನಂಥ ತಂತ್ರಾಂಶ ಓಡಿಸುವ ಏರ್ಪಾಡು. ಕಂಪನಿಯ ಡೇಟಾ ಕೇಂದ್ರದಲ್ಲಿ ಡಿಸ್ಕ್ ಕೆಟ್ಟರೆ ಬದಲಿಸಲು ಆಳಿದ್ದಾರೆ. ಮನೆಯಲ್ಲಿ ಕೆಟ್ಟರೆ ಮಾಲೀಕನೇ ಆಳು.

ತಟ್ಟೆಯ ಮೇಲೆ ಕೆಲವೇ ನ್ಯಾನೋಮೀಟರ್

ಹಾರ್ಡ್ ಡಿಸ್ಕ್ ಮೊದಲು ಮಾರುಕಟ್ಟೆಗೆ ಬಂದದ್ದು 1956ರಲ್ಲಿ, ಐಬಿಎಂನ ರಾಮ್ಯಾಕ್ ಯಂತ್ರದ ಜೊತೆ. ಎರಡಡಿ ಅಗಲದ 50 ತಟ್ಟೆಗಳು, ಒಟ್ಟು ಸಾಮರ್ಥ್ಯ ಸುಮಾರು 5 ಎಂಬಿ. ಇಂದಿನ ಡಿಸ್ಕ್‌ನ ತಟ್ಟೆ ಅಂಗೈಗಿಂತ ಸ್ವಲ್ಪ ದೊಡ್ಡದಷ್ಟೇ. ತತ್ತ್ವ ಮಾತ್ರ ಅದೇ: ಕಾಂತೀಯ ಲೇಪನದ ತಟ್ಟೆ ತಿರುಗುತ್ತದೆ, ಅದರ ಮೇಲೆ ತೇಲುವ ಹೆಡ್ ಓದುತ್ತದೆ, ಬರೆಯುತ್ತದೆ. ನಿಮಿಷಕ್ಕೆ 7,200 ಸುತ್ತು ಎಂದರೆ ಸೆಕೆಂಡಿಗೆ 120. ಈ ವೇಗದಲ್ಲಿ ತಟ್ಟೆಯ ಹೊರ ಅಂಚು ಗಂಟೆಗೆ ಸುಮಾರು 130 ಕಿ.ಮೀ. ಓಟದಲ್ಲಿರುತ್ತದೆ. ಹೆಡ್ಡಿಗೂ ತಟ್ಟೆಗೂ ನಡುವಿನ ಅಂತರ ಕೆಲವೇ ನ್ಯಾನೋಮೀಟರ್. ಅಲ್ಲಿಗೆ ಧೂಳಿನ ಒಂದು ಕಣ ಬಂದರೂ ಅದು ಬಂಡೆಗಲ್ಲೇ.

ಹೆಡ್ ತಟ್ಟೆಗೆ ತಾಗಿದರೆ ಲೇಪನ ಕೆತ್ತಿಹೋಗುತ್ತದೆ. ಕೆತ್ತಿದ ಪುಡಿ ಮತ್ತಷ್ಟು ಗೀರು ಹಾಕುತ್ತದೆ. ಹೆಡ್ ತನ್ನ ದಾರಿ ಗುರುತಿಸಲಾಗದೆ ಮತ್ತೆ ಮತ್ತೆ ಮೂಲೆಗೆ ಮರಳಿ ಹುಡುಕಾಡುವಾಗ ಕೇಳುವುದೇ ಆ ಕುಖ್ಯಾತ ‘ಕ್ಲಿಕ್, ಕ್ಲಿಕ್’ ಸದ್ದು. ಆ ಸದ್ದು ಬರುವಾಗ ಕರೆಂಟು ಹರಿಯುವ ಪ್ರತಿ ನಿಮಿಷವೂ ಲೇಪನ ಕಳೆಯುವ ನಿಮಿಷವಾಗಬಹುದು.

ಎಲ್ಲ ಸಾವೂ ಇಷ್ಟು ಭೀಕರವಲ್ಲ. ಮಳೆಗಾಲಕ್ಕೆ ಮುಂಚಿನ ಗುಡುಗು ಸಿಡಿಲಿನ ಸಂಜೆ, ವೋಲ್ಟೇಜ್ ಎಗರಿ ಡಿಸ್ಕ್ ಪೂರ್ತಿ ಮೌನವಾಗಬಹುದು. ತಿರುಗುವುದೂ ಇಲ್ಲ, ಬಿಸಿಯೂ ಇಲ್ಲ. ಅನೇಕ ಡಿಸ್ಕ್‌ಗಳ ಸರ್ಕ್ಯೂಟ್ ಹಲಗೆಯ ಮೇಲೆ ಟಿವಿಎಸ್ ಎಂಬ ಪುಟ್ಟ ಡಯೋಡ್ ಇರುತ್ತದೆ. ಹೆಚ್ಚುವರಿ ವೋಲ್ಟೇಜನ್ನು ತನ್ನ ಮೇಲೆಳೆದುಕೊಂಡು ಸಾಯುವುದೇ ಅದರ ಕೆಲಸ. ಹಾಗಾದಾಗ ತಟ್ಟೆ, ಹೆಡ್ ಎರಡೂ ಸುರಕ್ಷಿತವಾಗಿದ್ದು, ಬಲ್ಲವರ ಕೈಯಲ್ಲಿ ದುರಸ್ತಿ ಸುಲಭ. ಅದೇ ಮಾದರಿಯ ಇನ್ನೊಂದು ಡಿಸ್ಕ್ ತಂದು ಹಲಗೆ ಬದಲಿಸಿದರಾಯಿತು ಎಂಬ ಹಳೆಯ ಉಪಾಯ ಮಾತ್ರ ಈಗ ನಡೆಯುವುದು ಅಪರೂಪ. ಪ್ರತಿ ಡಿಸ್ಕ್‌ನ ಹೆಡ್ಡುಗಳಿಗೆ ಕಾರ್ಖಾನೆಯಲ್ಲಿ ಹೊಂದಿಸಿದ ಲೆಕ್ಕಗಳು ಹಲಗೆಯ ಮೇಲಿನ ರೋಮ್ ಚಿಪ್‌ನಲ್ಲಿರುತ್ತವೆ. ಆ ಚಿಪ್ ಕಿತ್ತು ಹೊಸ ಹಲಗೆಗೆ ಬೆಸುಗೆ ಹಾಕದೆ ಡಿಸ್ಕ್ ಮಾತನಾಡುವುದಿಲ್ಲ.

ಇವೆರಡರ ನಡುವೆ ಮೂರನೆಯದೊಂದು ಇದೆ. ಮನೆಗಳಲ್ಲಿ ಹೆಚ್ಚು ಕಾಣುವುದೂ ಇದನ್ನೇ: ಡಿಸ್ಕ್ ತಿರುಗುತ್ತದೆ, ಗುರುತೂ ಸಿಗುತ್ತದೆ, ಆದರೆ ತಟ್ಟೆಯ ಕೆಲವು ತುಣುಕುಗಳನ್ನು, ಅಂದರೆ ಸೆಕ್ಟರ್‌ಗಳನ್ನು, ಓದಲಾಗುತ್ತಿಲ್ಲ. ಫೋಲ್ಡರ್ ತೆರೆದರೆ ಕಂಪ್ಯೂಟರ್ ನಿಂತ ಹಾಗೆ. ಲಾಗ್ ನೋಡಿದರೆ ಸಾಲುಸಾಲಾಗಿ ರೀಡ್ ಎರರ್. ಈ ಡಿಸ್ಕ್ ಸತ್ತಿಲ್ಲ, ಸಾಯುತ್ತಿದೆ. ಉಳಿಸಿಕೊಳ್ಳುವ ಅವಕಾಶ ಹೆಚ್ಚಿರುವುದೂ, ಕೈಯಾರೆ ಕೆಡಿಸುವುದು ಹೆಚ್ಚಿರುವುದೂ ಇಲ್ಲೇ.

ಮೊದಲು ನಕಲು, ಆಮೇಲೆ ಚಿಕಿತ್ಸೆ

ಗಡಿಬಿಡಿಯಲ್ಲಿ ಜನ ಮಾಡುವ ಕೆಲಸಗಳ ಪಟ್ಟಿ ಎಲ್ಲ ಊರಲ್ಲೂ ಒಂದೇ. ರೀಸ್ಟಾರ್ಟ್ ಮಾಡುವುದು, ಇನ್ನೊಮ್ಮೆ ಮಾಡುವುದು. ವಿಂಡೋಸ್‌ಗೆ ಸಿಕ್ಕಿಸಿ, ‘ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೆ’ ಎಂದು ಅದು ಕೇಳಿದಾಗ ಒಪ್ಪಿಬಿಡುವುದು. ಸಾಯುತ್ತಿರುವ ಡಿಸ್ಕ್ ಮೇಲೆಯೇ ಚೆಕ್‌ಡಿಸ್ಕ್ ಅಥವಾ ಎಫ್‌ಎಸ್‌ಸಿಕೆ ಓಡಿಸುವುದು. ಈ ಕೊನೆಯದು ಸಜ್ಜನನಂತೆ ಕಂಡರೂ ಅಪಾಯಕಾರಿ. ಇವು ಫೈಲ್ ಸಿಸ್ಟಮ್‌ನ ಲೆಕ್ಕ ಸರಿದೂಗಿಸುವ ಸಾಧನಗಳು. ಓದಲಾಗದ್ದನ್ನು ಇಲ್ಲವೆಂದು ಭಾವಿಸಿ ಲೆಕ್ಕದಿಂದ ತೆಗೆಯಬಲ್ಲವು. ಡಿಸ್ಕನ್ನು ಫ್ರೀಜರಿನಲ್ಲಿಟ್ಟು ತೆಗೆಯುವ ಉಪದೇಶವೂ ಇನ್ನೂ ಚಾಲ್ತಿಯಲ್ಲಿದೆ. ತಣ್ಣಗಾದ ತಟ್ಟೆಯ ಮೇಲೆ ತೇವ ಕೂತರೆ ಹೆಡ್ಡಿಗೆ ತೇಲಲು ಜಾಗವಿರುವುದಿಲ್ಲ.

ವೃತ್ತಿಪರರ ನಿಯಮ ಒಂದೇ: ಮೂಲ ಡಿಸ್ಕ್ ಮೇಲೆ ಏನನ್ನೂ ಬರೆಯಬಾರದು. ಸದ್ದು ಮಾಡುತ್ತಿದ್ದರೆ, ತಿರುಗದಿದ್ದರೆ, ಕರೆಂಟು ತೆಗೆದು ಅಲ್ಲಿಗೇ ಬಿಡಬೇಕು. ತಿರುಗುತ್ತಿದ್ದು ಅಲ್ಲಲ್ಲಿ ಮಾತ್ರ ಓದಲಾಗುತ್ತಿಲ್ಲವಾದರೆ, ಅಷ್ಟೇ ದೊಡ್ಡದಾದ ಅಥವಾ ಇನ್ನೂ ದೊಡ್ಡದಾದ ಇನ್ನೊಂದು ಡಿಸ್ಕ್ ತಂದು ಮೊದಲ ಸೆಕ್ಟರಿನಿಂದ ಕೊನೆಯವರೆಗೆ ಯಥಾವತ್ ನಕಲು ತೆಗೆಯಬೇಕು. ಇದಕ್ಕೆ ‘ಇಮೇಜ್ ತೆಗೆಯುವುದು’ ಎನ್ನುತ್ತಾರೆ. ದುರಸ್ತಿ, ಪ್ರಯೋಗ, ಸಾಹಸ ಎಲ್ಲ ಏನಿದ್ದರೂ ಆ ನಕಲಿನ ಮೇಲೆ.

ಇದಕ್ಕೆ ಹೆಸರಾದ ಸಾಧನ ಗ್ನೂ ಡಿಡಿರೆಸ್ಕ್ಯೂ. ಆಂಟೋನಿಯೊ ಡಿಯಾಸ್ ಡಿಯಾಸ್ ಬರೆದ, ಉಚಿತವಾಗಿ ಸಿಗುವ ತಂತ್ರಾಂಶ. ಸಾಮಾನ್ಯ ನಕಲು ಸಾಧನ ಕೆಟ್ಟ ಸೆಕ್ಟರ್ ಎದುರಾದಲ್ಲಿ ನಿಲ್ಲುತ್ತದೆ, ಇಲ್ಲವೇ ಅಲ್ಲೇ ಗಂಟೆಗಟ್ಟಲೆ ಗುದ್ದಾಡುತ್ತದೆ. ಡಿಡಿರೆಸ್ಕ್ಯೂ ಜಾಣ. ಮೊದಲ ಸುತ್ತಿನಲ್ಲಿ ಸುಲಭವಾಗಿ ಓದಲಾಗುವುದನ್ನೆಲ್ಲ ಬಾಚಿಕೊಳ್ಳುತ್ತದೆ. ತೊಡಕಿನ ಜಾಗ ಬಂದರೆ ಜಿಗಿದು ಮುಂದೆ ಹೋಗುತ್ತದೆ. ಒಳ್ಳೆಯದೆಲ್ಲ ಕೈಗೆ ಬಂದ ಮೇಲೆ ಬಿಟ್ಟ ಜಾಗಗಳಿಗೆ ಮರಳಿ ಅಂಚಿನಿಂದ ಕೆರೆಯುತ್ತದೆ. ಯಾವುದನ್ನು ಓದಿದೆ, ಯಾವುದನ್ನು ಬಿಟ್ಟಿದೆ ಎಂಬ ನಕ್ಷೆಯನ್ನು ಬೇರೊಂದು ಕಡತದಲ್ಲಿ ಬರೆದಿಡುವುದರಿಂದ ನಡುವೆ ಕರೆಂಟು ಹೋದರೂ ನಿಂತಲ್ಲಿಂದಲೇ ಶುರುಮಾಡಬಹುದು. ಆ ನಕ್ಷೆ ಕಡತವನ್ನು ಮರೆತು ಆಜ್ಞೆ ಕೊಟ್ಟವರು ಮತ್ತೆ ಮೊದಲಿಂದ ಓದಿಸಬೇಕಾಗುತ್ತದೆ. ಆರೋಗ್ಯವಂತ 4 ಟಿಬಿ ಡಿಸ್ಕ್ ಸೆಕೆಂಡಿಗೆ 150 ಎಂಬಿ ವೇಗದಲ್ಲಿ ಓದಿಸಿಕೊಂಡರೂ ಏಳೂವರೆ ಗಂಟೆಯ ಕೆಲಸ. ಕಾಯಿಲೆ ಬಿದ್ದದ್ದು ದಿನಗಟ್ಟಲೆ ತೆಗೆದುಕೊಳ್ಳಬಹುದು.

ನಕಲು ಕೈಗೆ ಬಂದ ಮೇಲೆ ಎರಡು ದಾರಿ. ಫೈಲ್ ಸಿಸ್ಟಮ್ ತೆರೆದುಕೊಂಡರೆ ಓದಲು ಮಾತ್ರ ಎಂಬ ಷರತ್ತಿನಲ್ಲಿ ಮೌಂಟ್ ಮಾಡಿ ಕಡತಗಳನ್ನು ಎತ್ತಿಕೊಳ್ಳಬಹುದು. ತೆರೆಯದಿದ್ದರೂ ನಿರಾಶರಾಗಬೇಕಿಲ್ಲ. ಪರಿವಿಡಿ ಹರಿದ ಮಾತ್ರಕ್ಕೆ ಪುಸ್ತಕದ ಪುಟಗಳು ಹೋಗುವುದಿಲ್ಲ. ಕ್ರಿಸ್ಟೋಫ್ ಗ್ರೆನಿಯೆ ಅವರ ಟೆಸ್ಟ್‌ಡಿಸ್ಕ್ ಕಳೆದುಹೋದ ಪಾರ್ಟಿಷನ್‌ಗಳನ್ನು ಹುಡುಕಿಕೊಡುತ್ತದೆ. ಅದರ ಜೊತೆಗಾರ ಫೋಟೋರೆಕ್ ಫೈಲ್ ಸಿಸ್ಟಮ್ ಅನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ, ಜೆಪೆಗ್ ಶುರುವಾಗುವ ಗುರುತು, ಪಿಡಿಎಫ್ ಶುರುವಾಗುವ ಗುರುತು ಹೀಗೆ ಹುಡುಕುತ್ತ ಹೋಗಿ ಕಡತಗಳನ್ನು ಕತ್ತರಿಸಿ ತೆಗೆಯುತ್ತದೆ. ಇದಕ್ಕೆ ತೆರುವ ಬೆಲೆ: ಹೆಸರಿಲ್ಲ, ಫೋಲ್ಡರಿಲ್ಲ, ತುಂಡುತುಂಡಾಗಿ ಬರೆದಿದ್ದ ದೊಡ್ಡ ವಿಡಿಯೊಗಳು ಸರಿಯಾಗಿ ಕೂಡಿಕೊಳ್ಳುವ ಖಾತರಿಯಿಲ್ಲ. ಫೋಟೊಗಳ ಮಟ್ಟಿಗೆ ಅವುಗಳ ಒಳಗೇ ದಾಖಲಾದ ದಿನಾಂಕ ಹಿಡಿದು ಮತ್ತೆ ಜೋಡಿಸಿಕೊಳ್ಳಬಹುದು.

ರೇಡ್: ವರವೂ ಹೌದು, ಮರೀಚಿಕೆಯೂ ಹೌದು

ಮನೆಯ ಸರ್ವರ್‌ಗಳಲ್ಲಿ ಡಿಸ್ಕ್‌ಗಳು ಒಂಟಿಯಾಗಿರುವುದು ಕಡಿಮೆ. ನಾಲ್ಕು ಡಿಸ್ಕ್ ಸೇರಿಸಿ ಒಂದೇ ಎಂಬಂತೆ ಬಳಸುವ ರೇಡ್ ವ್ಯವಸ್ಥೆ ಅಲ್ಲಿರುತ್ತದೆ. ಈ ಹೆಸರನ್ನು ಜಗತ್ತಿಗೆ ಪರಿಚಯಿಸಿದ್ದು ಬರ್ಕ್ಲಿಯ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕ್ಯಾಟ್ಜ್ ಅವರ 1988ರ ಪ್ರಬಂಧ. ದುಬಾರಿ ಒಂದು ಡಿಸ್ಕ್ ಬದಲು ಅಗ್ಗದ ಹಲವನ್ನು ಜೋಡಿಸಿ, ಒಂದು ಸತ್ತರೂ ಕೆಲಸ ನಿಲ್ಲದಂತೆ ಮಾಡುವುದು ಅವರ ಆಲೋಚನೆ.

ಇದರ ಒಂದು ಬಗೆಯಾದ ರೇಡ್ 5ರ ಗುಟ್ಟು ಪ್ರಾಥಮಿಕ ಶಾಲೆಯ ಲೆಕ್ಕದಷ್ಟು ಸರಳ. ಮೂರು ಡಿಸ್ಕ್‌ಗಳ ಒಂದೇ ಸ್ಥಾನದಲ್ಲಿ 1, 0, 1 ಇವೆ ಎನ್ನೋಣ. ಒಟ್ಟು ಒಂದುಗಳ ಸಂಖ್ಯೆ ಸಮವಾಗುವಂತೆ ನಾಲ್ಕನೆಯದರಲ್ಲಿ 0 ಬರೆಯಲಾಗುತ್ತದೆ. ಎರಡನೆಯ ಡಿಸ್ಕ್ ಸತ್ತಿತು. ಉಳಿದಿರುವುದು 1, 1, 0. ಒಂದುಗಳು ಈಗಾಗಲೇ ಎರಡಿವೆ, ಅಂದರೆ ಸಮ. ಆದ್ದರಿಂದ ಕಳೆದುಹೋದದ್ದು 0. ಹೀಗೆ ಕೋಟ್ಯಂತರ ಸ್ಥಾನಗಳಲ್ಲಿ ಲೆಕ್ಕ ಹಾಕಿ ಸತ್ತ ಡಿಸ್ಕನ್ನು ಹೊಸದರ ಮೇಲೆ ಮರುಸೃಷ್ಟಿಸುವುದೇ ರೀಬಿಲ್ಡ್.

ಅಪಾಯವಿರುವುದೂ ಈ ರೀಬಿಲ್ಡ್‌ನಲ್ಲೇ. ನಾಲ್ಕು 4 ಟಿಬಿ ಡಿಸ್ಕ್‌ಗಳಲ್ಲಿ ಒಂದು ಹೋದರೆ, ಉಳಿದ ಮೂರರ ಎಲ್ಲ 12 ಟಿಬಿಯನ್ನೂ ಬಿಡದೆ ಓದಬೇಕು. ಸಾಮಾನ್ಯ ಡಿಸ್ಕ್‌ಗಳ ವಿವರಪಟ್ಟಿಯಲ್ಲಿ ತಯಾರಕರು ಬರೆಯುವ ಭರವಸೆ ಸುಮಾರು 12.5 ಟಿಬಿ ಓದಿಗೆ ಒಂದಕ್ಕಿಂತ ಹೆಚ್ಚು ಓದಲಾಗದ ಸೆಕ್ಟರ್ ಇರುವುದಿಲ್ಲ ಎಂಬಷ್ಟೇ. ವಾಸ್ತವದಲ್ಲಿ ಡಿಸ್ಕ್‌ಗಳು ಇದಕ್ಕಿಂತ ಚೆನ್ನಾಗಿ ನಡೆದುಕೊಳ್ಳುತ್ತವೆ. ಆದರೂ ಒಂದೇ ದಿನ ಕೊಂಡ, ಒಂದೇ ಪೆಟ್ಟಿಗೆಯ ಬಿಸಿ ಉಂಡ, ಒಂದೇ ವಯಸ್ಸಿನ ಅಣ್ಣತಮ್ಮಂದಿರವು. ಒಬ್ಬ ಹೋದ ಮೇಲೆ ಉಳಿದವರ ಮೇಲೆ ಹಗಲಿರುಳು ಹೊರೆ ಹೇರಿದರೆ ಇನ್ನೊಬ್ಬ ಕುಸಿಯುವುದು ಆಶ್ಚರ್ಯವಲ್ಲ. ರೇಡ್ 5ರಲ್ಲಿ ಇಬ್ಬರು ಹೋದರೆ ಲೆಕ್ಕ ಮುಗಿಯಿತು.

ಈ ಅವಧಿ ಎಷ್ಟು ಉದ್ದವಾಗಬಹುದು ಎಂಬುದು 2020ರಲ್ಲಿ ಬಯಲಾಯಿತು. ನ್ಯಾಸ್‌ಗೆಂದೇ ಮಾರುತ್ತಿದ್ದ ತನ್ನ ರೆಡ್ ಸರಣಿಯ ಕೆಲವು ಡಿಸ್ಕ್‌ಗಳಲ್ಲಿ ಎಸ್‌ಎಂಆರ್ ತಂತ್ರ ಬಳಸಿರುವುದನ್ನು ವೆಸ್ಟರ್ನ್ ಡಿಜಿಟಲ್ ಆ ವರ್ಷದ ಏಪ್ರಿಲ್‌ನಲ್ಲಿ ಒಪ್ಪಿಕೊಂಡಿತು. ಮನೆಯ ಚಾವಣಿಯ ಹೆಂಚುಗಳಂತೆ ಸಾಲುಗಳನ್ನು ಒಂದರ ಮೇಲೊಂದು ಚಾಚಿ ಬರೆಯುವ ತಂತ್ರವಿದು. ಹಳೆಯದನ್ನು ತಿದ್ದಲು ಪಕ್ಕದ್ದನ್ನೂ ಬರೆಯಬೇಕಾದ್ದರಿಂದ ಎಡೆಬಿಡದ ಬರವಣಿಗೆಯಲ್ಲಿ ನಿಧಾನ. ಆಗ ನಡೆದ ಪರೀಕ್ಷೆಯೊಂದರಲ್ಲಿ, ಮಾಮೂಲಿ ಡಿಸ್ಕ್ ಒಂದು ದಿನದೊಳಗೆ ಮುಗಿಸಿದ ರೀಬಿಲ್ಡ್‌ಗೆ ಇದು ಒಂಬತ್ತು ದಿನಕ್ಕೂ ಹೆಚ್ಚು ತೆಗೆದುಕೊಂಡಿತು. ಬಳಕೆದಾರರ ಸಿಟ್ಟಿನ ನಂತರ ಕಂಪನಿ ಹಳೆಯ ತಂತ್ರದ ಡಿಸ್ಕ್‌ಗಳಿಗೆ ರೆಡ್ ಪ್ಲಸ್ ಎಂಬ ಬೇರೆ ಹೆಸರು ಕೊಟ್ಟಿತು.

ಹಾಗಾಗಿ ಡಿಸ್ಕ್‌ಗಳ ಗುಂಪು, ಅಂದರೆ ಅರೇ, ‘ಡಿಗ್ರೇಡೆಡ್’ ಎಂದು ತೋರಿಸಿದ ಕೂಡಲೇ ಹೊಸ ಡಿಸ್ಕ್ ತುರುಕಿ ರೀಬಿಲ್ಡ್ ಒತ್ತುವುದು ಆತುರ. ಇನ್ನೂ ಓದಲಾಗುತ್ತಿರುವಾಗಲೇ ಅಮೂಲ್ಯವಾದದ್ದನ್ನು ಬೇರೆಡೆಗೆ ನಕಲಿಸಿಕೊಳ್ಳುವುದು ಮೊದಲು. ಯಾವ ಡಿಸ್ಕ್ ಯಾವ ಗೂಡಿನಲ್ಲಿತ್ತು ಎಂದು ಸೀರಿಯಲ್ ನಂಬರ್ ಸಮೇತ ಬರೆದಿಡಬೇಕು. ಕೆಟ್ಟದ್ದರ ಬದಲು ಒಳ್ಳೆಯದನ್ನು ಎಳೆದು ತೆಗೆದು ಇಡೀ ಅರೇ ಕಳೆದುಕೊಳ್ಳುವುದು ಬಹಳ ಹಳೆಯ ಅನಾಹುತ.

ಎರಡು ಡಿಸ್ಕ್ ಹೋದಂತೆ ಕಂಡರೂ ಕೆಲವೊಮ್ಮೆ ಆಸೆಯಿದೆ. ಲಿನಕ್ಸ್‌ನ ರೇಡ್ ಪ್ರತಿ ಡಿಸ್ಕ್ ಮೇಲೂ ಈವೆಂಟ್ ಕೌಂಟ್ ಎಂಬ ಸಂಖ್ಯೆ ಬರೆದಿಟ್ಟಿರುತ್ತದೆ. ಕೇಬಲ್ ಸಡಿಲಗೊಂಡು ಹೊರಬಿದ್ದ ಡಿಸ್ಕ್‌ನ ಸಂಖ್ಯೆ ಉಳಿದವಕ್ಕಿಂತ ಸ್ವಲ್ಪವೇ ಹಿಂದಿದ್ದರೆ, ಅದರಲ್ಲಿರುವುದು ಬಹುತೇಕ ತಾಜಾ ಡೇಟಾ. ಒತ್ತಾಯದ ಮರುಜೋಡಣೆಯಿಂದ (ಅಸೆಂಬಲ್) ಅರೇ ಎದ್ದು ಕೂರಬಹುದು. ಈ ರೇಡ್ ನಿರ್ವಹಿಸುವ ಎಂಡಿಎಡಿಎಂ ಸಾಧನದಲ್ಲಿ ಇದರ ಪಕ್ಕದಲ್ಲೇ ‘ಕ್ರಿಯೇಟ್’ ಎಂಬ ಆಜ್ಞೆಯಿದೆ. ಅದು ಹಳೆಯ ಗುರುತುಗಳನ್ನು ಅಳಿಸಿ ಹೊಸ ಅರೇ ಕಟ್ಟುತ್ತದೆ. ಡಿಸ್ಕ್‌ಗಳ ಕ್ರಮ ತಪ್ಪಿದರೆ ಒಳಗಿರುವುದೆಲ್ಲ ಕಲಸುಮೇಲೋಗರ. ಹತಾಶೆಯಲ್ಲಿ ಅದನ್ನು ಒತ್ತಿದವರ ಡೇಟಾ ತೆಗೆಯುವುದು ವೃತ್ತಿಪರರಿಗೂ ತಲೆನೋವು. ಇನ್ನೊಂದು ಸಮಾಧಾನದ ಸಂಗತಿ: ಪೆಟ್ಟಿಗೆಯೇ ಕೆಟ್ಟರೆ ಡಿಸ್ಕ್‌ಗಳು ಅನಾಥವಾಗುವುದಿಲ್ಲ. ಸೈನಾಲಜಿಯಂಥ ಪೆಟ್ಟಿಗೆಗಳ ಒಳಗಿರುವುದೂ ಲಿನಕ್ಸ್‌ನದೇ ರೇಡ್ ಆದ್ದರಿಂದ, ಎಲ್ಲ ಡಿಸ್ಕ್‌ಗಳನ್ನು ಉಬುಂಟು ಹಾಕಿದ ಕಂಪ್ಯೂಟರಿಗೆ ಜೋಡಿಸಿ ಓದಬಹುದು.

ಗಾಜಿನ ಕೋಣೆಯ ಕಸುಬು

ಕ್ಲಿಕ್ ಸದ್ದಿನ ಡಿಸ್ಕ್‌ಗೆ ಮನೆಮದ್ದಿಲ್ಲ. ಧೂಳು ಸೋಸಿದ ಗಾಳಿಯ ಕ್ಲೀನ್ ರೂಮಿನಲ್ಲಿ ಮುಚ್ಚಳ ತೆರೆದು, ಅದೇ ಮಾದರಿಯ ‘ದಾನಿ’ ಡಿಸ್ಕ್‌ನಿಂದ ಹೆಡ್ಡುಗಳ ಗೊಂಚಲು ತೆಗೆದು ಕೂರಿಸುತ್ತಾರೆ. ಆ ಡಿಸ್ಕ್ ಮತ್ತೆ ಬಳಕೆಗೆ ಬರಲೆಂದು ಯಾರೂ ಬಯಸುವುದಿಲ್ಲ. ಒಂದು ನಕಲು ಮುಗಿಯುವವರೆಗೆ ಉಸಿರಾಡಿದರೆ ಸಾಕು. ಪಿಸಿ-3000ರಂಥ ಯಂತ್ರಗಳು ಡಿಸ್ಕ್‌ನ ಫರ್ಮ್‌ವೇರ್ ಜೊತೆ ನೇರವಾಗಿ ಮಾತನಾಡಿ, ಕೆಟ್ಟ ಹೆಡ್ಡನ್ನು ಬಿಟ್ಟು ಒಳ್ಳೆಯವುಗಳಿಂದ ಮಾತ್ರ ಓದಿಸಬಲ್ಲವು. ಹೀಲಿಯಂ ತುಂಬಿ ಬೆಸುಗೆ ಹಾಕಿದ ದೊಡ್ಡ ಸಾಮರ್ಥ್ಯದ ಡಿಸ್ಕ್‌ಗಳು 2013ರಿಂದ ಬರತೊಡಗಿದ ಮೇಲೆ ಈ ಕಸುಬು ಇನ್ನೂ ಕಷ್ಟವಾಗಿದೆ. ಖರ್ಚು ಹೊಸ ಡಿಸ್ಕ್‌ನ ಬೆಲೆಯ ಹಲವು ಪಟ್ಟು. ಅದಕ್ಕೇ ಹೋಗುವ ಮೊದಲು ಕೇಳಬೇಕಾದ್ದು: ಕ್ಲೀನ್ ರೂಮ್ ಅವರದ್ದೇ ಇದೆಯೇ, ಡೇಟಾ ಸಿಗದಿದ್ದರೆ ಶುಲ್ಕವೆಷ್ಟು, ಸಿಕ್ಕ ಕಡತಗಳ ಪಟ್ಟಿಯನ್ನು ಹಣ ಕೊಡುವ ಮುಂಚೆ ತೋರಿಸುತ್ತಾರೆಯೇ. ಅಂಗಡಿಯವರು ಕೌಂಟರಿನಲ್ಲೇ ಸ್ಕ್ರೂ ಬಿಚ್ಚಲು ಹೊರಟರೆ ಡಿಸ್ಕ್ ಎತ್ತಿಕೊಂಡು ಹೊರಡುವುದು ಒಳ್ಳೆಯದು.

ಮುನ್ಸೂಚನೆ ಇದೆ, ನಂಬುವಂತಿಲ್ಲ

ಪ್ರತಿ ಡಿಸ್ಕ್ ತನ್ನ ಆರೋಗ್ಯದ ದಾಖಲೆಯನ್ನು ಸ್ಮಾರ್ಟ್ ಎಂಬ ಪಟ್ಟಿಯಲ್ಲಿ ಇಡುತ್ತದೆ. 5, 197, 198ನೇ ಸಾಲುಗಳು ಕೆಟ್ಟ ಸೆಕ್ಟರ್‌ಗಳ ಲೆಕ್ಕ. ಅಲ್ಲಿ ಸೊನ್ನೆ ಇರಬೇಕು. ಗೂಗಲ್‌ನ ಎಂಜಿನಿಯರುಗಳು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೊದಲ ಸ್ಕ್ಯಾನ್ ಎರರ್ ಕಂಡ ಡಿಸ್ಕ್ ಮುಂದಿನ 60 ದಿನಗಳಲ್ಲಿ ಸಾಯುವ ಸಾಧ್ಯತೆ ಉಳಿದವಕ್ಕಿಂತ 39 ಪಟ್ಟು ಹೆಚ್ಚು. ಅದೇ ಅಧ್ಯಯನ ಇನ್ನೊಂದು ಕಹಿ ಮಾತನ್ನೂ ಹೇಳಿತು: ಸತ್ತ ಡಿಸ್ಕ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಪ್ರಬಲವೆಂದು ಗುರುತಿಸಿದ ನಾಲ್ಕು ಸೂಚನೆಗಳಲ್ಲಿ ಒಂದನ್ನೂ ತೋರದೆಯೇ ಸತ್ತಿದ್ದವು.

ಸುಮಾರು ಮೂರು ಲಕ್ಷ ಡಿಸ್ಕ್ ಓಡಿಸುತ್ತಿದ್ದ ಬ್ಯಾಕ್‌ಬ್ಲೇಜ್ ಕಂಪನಿ 2024ರಲ್ಲಿ ಕಂಡ ವಾರ್ಷಿಕ ವೈಫಲ್ಯ ಶೇ 1.57. ಕೇಳಲು ಚಿಕ್ಕದು. ಇದೇ ದರದಲ್ಲಿ ನಾಲ್ಕು ಡಿಸ್ಕ್‌ಗಳ ಪೆಟ್ಟಿಗೆ ಐದು ವರ್ಷ ಓಡಿದರೆ ಒಂದಾದರೂ ಕೈಕೊಡುವ ಸಾಧ್ಯತೆ ನಾಲ್ಕರಲ್ಲಿ ಒಂದಕ್ಕಿಂತ ತುಸು ಹೆಚ್ಚು.

ಯಾರೂ ತೆರೆಯದ ಹಳೆಯ ಕಡತಗಳ ಮೇಲೆ ಸದ್ದಿಲ್ಲದೆ ಬೆಳೆಯುವ ಕೆಟ್ಟ ಸೆಕ್ಟರ್‌ಗಳನ್ನು ಹಿಡಿಯಲು ಇರುವ ಉಪಾಯ ಸ್ಕ್ರಬ್, ಅಂದರೆ ಎಲ್ಲವನ್ನೂ ಆಗಾಗ ಓದಿಸಿ ತಾಳೆ ನೋಡುವುದು. ಕೆನಡಾದ ಜನಪ್ರಿಯ ತಂತ್ರಜ್ಞಾನ ವಾಹಿನಿ ಲೈನಸ್ ಟೆಕ್ ಟಿಪ್ಸ್ ತನ್ನ ಹಳೆಯ ವಿಡಿಯೊಗಳ ದೊಡ್ಡ ಸಂಗ್ರಹಕ್ಕೆ ಏಟು ಬಿದ್ದುದನ್ನು 2022ರ ಜನವರಿಯಲ್ಲಿ ವೀಕ್ಷಕರಿಗೆ ತಾನೇ ಹೇಳಿಕೊಂಡಿತು. ಝಡ್‌ಎಫ್‌ಎಸ್‌ನಂಥ ಗಟ್ಟಿ ಫೈಲ್ ಸಿಸ್ಟಮ್ ಇತ್ತು. ನಿಯಮಿತ ಸ್ಕ್ರಬ್ ಮಾತ್ರ ಹೊಂದಿಸಿರಲಿಲ್ಲ.

ಬ್ಯಾಕಪ್ ಇತ್ತು, ತೆರೆಯಲಿಲ್ಲ

ರೇಡ್ ಇದ್ದರೆ ಬ್ಯಾಕಪ್ ಬೇಡ ಎಂಬ ನಂಬಿಕೆಗೆ 2021ರ ಜೂನ್ ತಕ್ಕ ಉತ್ತರ ಕೊಟ್ಟಿತು. ಮೈ ಬುಕ್ ಲೈವ್ ಎಂಬ ಮನೆಬಳಕೆಯ ಸಂಗ್ರಹ ಪೆಟ್ಟಿಗೆಗಳು ಅಂತರ್ಜಾಲದ ಮೂಲಕ ನಡೆದ ದಾಳಿಗೆ ಸಿಕ್ಕಿ, ಮಾಲೀಕರು ಮಲಗಿ ಏಳುವಷ್ಟರಲ್ಲಿ ಖಾಲಿಯಾಗಿದ್ದವು. ಡಿಸ್ಕ್‌ಗಳು ಆರೋಗ್ಯವಾಗಿಯೇ ಇದ್ದವು. ಅಳಿಸು ಎಂದರೆ ರೇಡ್ ಎಲ್ಲ ಡಿಸ್ಕ್‌ಗಳಲ್ಲೂ ಶ್ರದ್ಧೆಯಿಂದ ಅಳಿಸುತ್ತದೆ.

ಬ್ಯಾಕಪ್ ಇಟ್ಟವರೂ ಮೋಸ ಹೋಗುವುದುಂಟು. 2017ರ ಜನವರಿ 31ರಂದು ತಂತ್ರಾಂಶ ಕಂಪನಿ ಗಿಟ್‌ಲ್ಯಾಬ್‌ನ ಎಂಜಿನಿಯರೊಬ್ಬರು ತಪ್ಪು ಸರ್ವರ್‌ನಲ್ಲಿ ಅಳಿಸುವ ಆಜ್ಞೆ ಕೊಟ್ಟಿದ್ದರಿಂದ ಸುಮಾರು 300 ಜಿಬಿಯ ಮುಖ್ಯ ಡೇಟಾಬೇಸ್‌ನ ಬಹುಪಾಲು ಕ್ಷಣದಲ್ಲಿ ಹೋಯಿತು. ನಿತ್ಯದ ಬ್ಯಾಕಪ್ ಹುಡುಕಿದರೆ ಜಾಗ ಖಾಲಿ. ತಂತ್ರಾಂಶದ ಆವೃತ್ತಿ ಹೊಂದದೆ ಬ್ಯಾಕಪ್ ಬಹಳ ದಿನಗಳಿಂದ ವಿಫಲವಾಗುತ್ತಿತ್ತು. ಅದನ್ನು ತಿಳಿಸುವ ಇಮೇಲ್‌ಗಳು ತಿರಸ್ಕೃತವಾಗುತ್ತಿದ್ದವು. ಪರೀಕ್ಷೆಗೆಂದು ಆರು ಗಂಟೆ ಮುಂಚೆ ಯಾರೋ ಕೈಯಾರೆ ತೆಗೆದಿಟ್ಟಿದ್ದ ಪ್ರತಿಯೊಂದು ಅವರನ್ನು ಉಳಿಸಿತು.

ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಊರಲ್ಲಿ: ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ ಈ 3-2-1 ಸೂತ್ರವನ್ನು ಮನೆಯ ಮಟ್ಟದಲ್ಲಿ ಪಾಲಿಸುವುದು ದುಬಾರಿಯಲ್ಲ. ಬೆಂಗಳೂರಿನಲ್ಲಿ ನೆಲೆಸಿದವರಿಗೆ ‘ಬೇರೆ ಊರು’ ಹುಡುಕಬೇಕಾಗಿಯೂ ಇಲ್ಲ. ವರ್ಷಕ್ಕೆ ಎರಡು ಬಾರಿಯಾದರೂ ಹಬ್ಬಕ್ಕೆ ಹೋಗುವ ತವರಿದೆ, ಅಲ್ಲೊಂದು ಬೀರು ಇದೆ. ಎರಡು ಯುಎಸ್‌ಬಿ ಡಿಸ್ಕ್ ಇದ್ದರೆ ಒಂದು ಬೀರುವಿನಲ್ಲಿರುತ್ತದೆ, ಇನ್ನೊಂದು ನಗರದಲ್ಲಿ ತುಂಬುತ್ತಿರುತ್ತದೆ. ಹಬ್ಬಕ್ಕೆ ಹೋದಾಗ ಅದಲುಬದಲು. ಕಳುವಾದರೂ ಭಯವಿಲ್ಲದಂತೆ ಎನ್‌ಕ್ರಿಪ್ಟ್ ಮಾಡಿ, ಪಾಸ್‌ವರ್ಡನ್ನು ಕಾಗದದ ಮೇಲೆ ಬರೆದು ಮನೆಯ ಇನ್ನೊಬ್ಬರಿಗೂ ತಿಳಿಸಿರಬೇಕು. ಊರಿನಿಂದ ಬಂದ ಡಿಸ್ಕನ್ನು ಸರ್ವರ್‌ಗಲ್ಲ, ಬೇರೊಂದು ಕಂಪ್ಯೂಟರಿಗೆ ಸಿಕ್ಕಿಸಿ ಹತ್ತಿಪ್ಪತ್ತು ಫೋಟೊ, ಒಂದೆರಡು ದೊಡ್ಡ ವಿಡಿಯೊ ಕೊನೆಯವರೆಗೆ ತೆರೆದು ನೋಡಿದ ಮೇಲೆಯೇ ಅದರ ಮೇಲೆ ಹೊಸ ಬ್ಯಾಕಪ್ ಬರೆಯಬೇಕು.